ಆದೋನಿಯಿಂದ ಬಂದವರು ಮತ್ತು ಖಾಲಾ

ಆದೋನಿಯಿಂದ ರಾಯಚೂರಿಗೆ ರೈಲಿನಲ್ಲಿ ಅಂಥ ದೂರವೇನಿಲ್ಲ. ನಡುವೆ ತುಂಗಭದ್ರೆ ಸಿಗುತ್ತದೆ. ಸೇತುವೆ ದಾಟಿದರೆ ಆಂಧ್ರ ಮುಗಿದು ಕರ್ನಾಟಕ ಶುರುವಾಗುತ್ತದೆ. ಎಪ್ಪತ್ತರ ದಶಕದ ಮಧ್ಯದಲ್ಲಿ, ಒಂದು ಬೇಸಿಗೆಯ ಬೆಳಿಗ್ಗೆ, ನಾನೂ ನನ್ನ ಗಂಡನೂ ಆ ಸೇತುವೆ ದಾಟಿದೆವು. ನನಗೆ ಆಗ ಇಪ್ಪತ್ತೊಂದು. ಎರಡೂ ಮನೆಯವರ ಮಾತು ಮೀರಿ ಮದುವೆಯಾಗಿದ್ದೆವು, ಹಾಗಾಗಿ ಊರಿನಲ್ಲಿ ನಮಗೆ ಬಾಗಿಲು ತೆರೆಯುವವರಿರಲಿಲ್ಲ. ನನ್ನ ಗಂಡ ಲಾರಿ ರಿಪೇರಿ ಕಲಿತವರು. ರಾಯಚೂರಿನ ಗ್ಯಾರೇಜಿನವನೊಬ್ಬ ಕೆಲಸ ಕೊಡುತ್ತೇನೆಂದು ಹೇಳಿಕಳಿಸಿದ್ದ. ನಮ್ಮ ಬಳಿ ಇದ್ದದ್ದು ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ, ಕೈ ಬಿಗಿ ಹಿಡಿದರೆ ತಿಂಗಳು ಸಾಗುವಷ್ಟು ದುಡ್ಡು. ಆದೋನಿಯಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು ಜನ ಇದ್ದರು, ಆದರೆ ನಮ್ಮ ಓಣಿಯಲ್ಲಿ ಇರಲಿಲ್ಲ. ನನಗೆ ಗೊತ್ತಿದ್ದದ್ದು ತೆಲುಗು ಒಂದೇ.

ಗ್ಯಾರೇಜಿನವನು ನಮ್ಮನ್ನು ನೋಡಿ ಮುಖ ಆ ಕಡೆ ಮಾಡಿದ.

"ಆ ಜಾಗಕ್ಕ ನಮ್ಮ ಅಳಿಯನ್ನ ತಗೊಂಡೀನಪ್ಪಾ. ನೀವು ಹೋದ ತಿಂಗಳೇ ಬರಬೇಕಿತ್ತು" ಎಂದ.

ಅವನು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಗಂಡನ ಮುಖ ನೋಡಿ ಅರ್ಥ ಮಾಡಿಕೊಂಡೆ. ಅವರು ಜಗಳಕ್ಕೆ ನಿಲ್ಲಲಿಲ್ಲ, ಟ್ರಂಕು ಹೆಗಲಿಗೇರಿಸಿಕೊಂಡು ಹೊರಟರು. ರಾಯಚೂರಿನ ಮೇ ತಿಂಗಳ ಬಿಸಿಲು ಕಂಡವರಿಗೆ ನಾನೇನೂ ಹೇಳಬೇಕಾಗಿಲ್ಲ. ತೀನ್ ಕಂದೀಲ್ ವೃತ್ತ ದಾಟಿ ಒಂದು ಇಕ್ಕಟ್ಟಾದ ಓಣಿಗೆ ಹೊಕ್ಕೆವು. ಕಟ್ಟೆಯ ಮೇಲೆ ಸಣ್ಣ ಹುಡುಗಿಯರ ಫ್ರಾಕುಗಳನ್ನು ಹರಡಿಕೊಂಡು, ಒಂದೊಂದಕ್ಕೇ ಗುಂಡಿ ಹಚ್ಚುತ್ತ ಒಬ್ಬ ಹೆಂಗಸು ಕೂತಿದ್ದರು. ಐವತ್ತರ ಆಸುಪಾಸು, ಬಿಳಿ ದುಪ್ಪಟ್ಟ, ಬಾಯಲ್ಲಿ ಎಲೆ ಅಡಿಕೆ. ನಾನು ಕೈಸನ್ನೆ ಮಾಡಿ ನೀರು ಕೇಳಿದೆ. ನಾವಿಬ್ಬರು ಮಾತಾಡಿಕೊಂಡದ್ದು ಕೇಳಿಸಿತ್ತೇನೋ, ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಚ್ಚ ತೆಲುಗಿನಲ್ಲಿ, "ಬಾಯಿ ಇಲ್ಲವೇನಮ್ಮ ನಿನಗೆ?" ಎಂದರು.

ಬೆಳಗಿನಿಂದ ತಡೆದುಕೊಂಡಿದ್ದ ಅಳು ಆಗ ಒಮ್ಮೆಲೇ ಬಂತು. "ರೋನಾ ನಕ್ಕೋ, ಬೇಟಿ, ಅಳಬೇಡ, ಅಳಬೇಡ" ಎನ್ನುತ್ತ ಅವರು ಚರಿಗೆ ತುಂಬ ನೀರು ತಂದರು. ಆ ಸಂಜೆಯೇ ಅವರ ಮನೆಯ ಹಿಂದಿನ ಕೋಣೆ ನಮ್ಮದಾಯಿತು. ಬಾಡಿಗೆಯ ಮಾತು ಎತ್ತಿದ್ದಕ್ಕೆ ನನ್ನ ಗಂಡನನ್ನು ಗದರಿಸಿದರು. ಓಣಿಯ ಮಕ್ಕಳೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದರು. ಚಿಕ್ಕಮ್ಮ ಎಂದು ಅರ್ಥ. ನಾವೂ ಹಾಗೇ ಕರೆದೆವು.

ಖಾಲಾನ ಗಂಡ ದರ್ಜಿಯಾಗಿದ್ದರಂತೆ, ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳೊಬ್ಬಳನ್ನು ಗುಲ್ಬರ್ಗಕ್ಕೆ ಕೊಟ್ಟಿದ್ದರು. ಸಿದ್ಧ ಉಡುಪಿನ ಗಂಟು ಕಟ್ಟಿಕೊಂಡು ದೇವದುರ್ಗ, ಮಾನ್ವಿ ಸಂತೆಗಳಿಗೆ ಹೋಗಿ ಮಾರುವುದು ಅವರ ಬದುಕು. ಮನೆಯಲ್ಲಿ ದಖನಿ ಉರ್ದು, ನನ್ನೊಂದಿಗೆ ತೆಲುಗು, ಸಂತೆಯಲ್ಲಿ ಕನ್ನಡ. ಒಂದು ಮಾತಿನಿಂದ ಇನ್ನೊಂದಕ್ಕೆ ಅವರು ಹೊರಳುವುದು ಮಗ್ಗುಲು ಬದಲಿಸಿದಷ್ಟು ಸಲೀಸು. ನಾನು ಬೆರಗಾಗಿ ನೋಡುತ್ತಿದ್ದೆ.

ನನ್ನ ಗಂಡನಿಗೆ ಮಾತ್ರ ಎಲ್ಲೂ ಕೆಲಸ ಸಿಗಲಿಲ್ಲ. ಪರಿಚಯದವರಿಲ್ಲದೆ ಯಾವ ಗ್ಯಾರೇಜೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ಮಾತು ಕಡಿಮೆ ಮಾಡಿದರು. ಒಂದು ದಿನ ಊಟದ ನಡುವೆ, "ವಾಪಸು ಹೋಗೋಣ. ನಮ್ಮಪ್ಪನ ಕಾಲು ಹಿಡಿಯುತ್ತೇನೆ" ಎಂದರು.

"ನೀವು ಹೋಗಿ, ನಾನು ಬರುವುದಿಲ್ಲ" ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದೆನೆಂದು ನನಗೇ ಆಶ್ಚರ್ಯವಾಯಿತು. ಅವರು ತಟ್ಟೆ ಬಿಟ್ಟು ಎದ್ದರು.

ಗೋಡೆಯಾಚೆ ಖಾಲಾಗೆ ಎಲ್ಲ ಕೇಳಿಸಿತ್ತು. ಮರುದಿನ ಅವರು ನನ್ನ ಗಂಡನನ್ನು ಒಳಗೆ ಕರೆದು, ಮೂಲೆಯಲ್ಲಿ ಗೋಣಿಚೀಲ ಹೊದಿಸಿಟ್ಟಿದ್ದ, ತಮ್ಮ ಗಂಡ ತುಳಿಯುತ್ತಿದ್ದ ಕಾಲಿನ ಹೊಲಿಗೆ ಮಷಿನ್ ತೋರಿಸಿದರು. "ಲಾರಿ ಬಿಚ್ಚುವವನಿಗೆ ಇದೇನು ದೊಡ್ಡದು? ನೋಡು" ಎಂದರು.

ನನ್ನ ಗಂಡ ಅದುವರೆಗೆ ಹೊಲಿಗೆ ಮಷಿನ್ ಮುಟ್ಟಿದವರಲ್ಲ. ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಬಿಚ್ಚಿ, ಮತ್ತೆ ಜೋಡಿಸಿ, ತಪ್ಪಾಯಿತೆಂದು ಮತ್ತೆ ಬಿಚ್ಚಿ, ವಾರವಿಡೀ ಅದರ ಮುಂದೆಯೇ ಕೂತರು. ಕೊನೆಗೆ ಅದು ಓಡಿದಾಗ ಮನೆಯೆಲ್ಲ ಆ ಸದ್ದು ತುಂಬಿತು. ಖಾಲಾ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ದುಪ್ಪಟ್ಟದ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು.

ನನಗೆ ಹೊಲಿಗೆಯನ್ನು ತವರಿನಲ್ಲಿ ಅಮ್ಮ ಕಲಿಸಿದ್ದಳು. ಹೊರಗಿನಿಂದ ಕೊಳ್ಳುತ್ತಿದ್ದ ಫ್ರಾಕುಗಳನ್ನು ಖಾಲಾ ನನ್ನಿಂದಲೇ ಹೊಲಿಸತೊಡಗಿದರು. ನನ್ನ ಗಂಡ ಗುಜರಿಯಲ್ಲಿ ಕೆಟ್ಟು ಬಿದ್ದಿದ್ದ ಎರಡು ಕೈಮಷಿನ್ ತಂದು ಸೇರಿಸಿ ಒಂದು ಮಾಡಿದರು. ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ನಾವು ಮೂವರೂ ದೇವದುರ್ಗ ಸಂತೆಗೆ ಹೊರಟೆವು. ಬಸ್ ಸ್ಟ್ಯಾಂಡಿನಲ್ಲಿ ಖಾಲಾ ಮಂಡಕ್ಕಿ ವಗ್ಗರಣಿ, ಮಿರ್ಚಿ ಭಜಿ ಕೊಡಿಸಿದರು. ಮಿರ್ಚಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ, "ಈಗ ನೀನು ಈ ಕಡೆಯವಳಾದಿ" ಎಂದು ನಕ್ಕರು.

ಸಂತೆಯಲ್ಲಿ ನಾವು ಕೂತು ಇನ್ನೂ ಬೋಣಿಯಾಗಿರಲಿಲ್ಲ, ಪಕ್ಕದ ದರ್ಜಿಯೊಬ್ಬ ಎದ್ದು ಬಂದ. ವಯಸ್ಸಾದ ಮನುಷ್ಯ. "ಆಂಧ್ರದಿಂದ ಬಂದು ನಮ್ಮ ಸಂತ್ಯಾಗ ಮಷಿನ್ ಹಾಕಿದ್ರ ನಾವು ಎಲ್ಲಿಗಿ ಹೋಗೂಣು? ಎಬ್ಬಸು ಇವರ್ನ" ಎಂದು ಖಾಲಾಗೆ ಹೇಳಿದ. ಸುತ್ತ ನಾಲ್ಕು ಜನ ಸೇರಿದರು. ನನ್ನ ಗಂಡ ಸುಮ್ಮನೆ ಸಾಮಾನು ಕಟ್ಟಲು ಬಗ್ಗಿದರು.

ಖಾಲಾ ಕೂತಲ್ಲಿಂದ ಏಳಲಿಲ್ಲ. "ಏಳಬ್ಯಾಡೋ, ಕುಂಡ್ರು" ಎಂದು ಅವರ ಕೈ ಹಿಡಿದು ಕೂರಿಸಿದರು. ಆಮೇಲೆ ದರ್ಜಿಗೆ, "ಅಣ್ಣಾ, ನನ್ನ ಗಂಡ ಸತ್ತಾಗ ನಾ ಈ ಜಾಗಾದಾಗ ಗಂಟು ಹಿಡ್ಕೊಂಡು ಕುಂತೆ. ಹೆಣ್ಮಗಳು ಯಾಕ ಬಂದಾಳಂತ ನಿಮ್ಮವರೇ ಅಂದಿದ್ರು. ಅವತ್ತ ನಾ ಎದ್ದು ಹೋಗಿದ್ರ ನನ್ನ ಮಗಳ ಲಗ್ನ ಆಗ್ತಿತ್ತೇನು? ಇವರೂ ಹೊಟ್ಟಿ ಹಿಡ್ಕೊಂಡು ಬಂದಾರ. ನಿನ್ನ ಮಷಿನ್ ದಾರ ಕಡೀತದಂತ ನೀ ಹೋದ ಸಂತ್ಯಾಗ ಬೈಕೊಂತ ಕುಂತಿದ್ದಿ. ಇಂವನ ಮುಂದ ಇಡು. ರಿಪೇರಿ ಆಗಲಿಲ್ಲಂದ್ರ ನಾನೇ ಎಬ್ಬಸ್ತೀನಿ" ಎಂದರು.

ಧ್ವನಿ ಏರಲಿಲ್ಲ, ಕಣ್ಣು ಕೆಳಗಾಗಲಿಲ್ಲ. ಅವರ ಪಕ್ಕದಲ್ಲಿ ಕೂತು, ಅರ್ಧ ಅರ್ಥವಾದ ಆ ಕನ್ನಡವನ್ನು ಕೇಳುತ್ತ, ಈ ಭಾಷೆ ನನಗೂ ಹೀಗೆ ಬರಬೇಕು ಎಂದುಕೊಂಡೆ. ಹಟ ಅಂದರೆ ಅಂಥ ಹಟ ನನಗೆ ಮೊದಲು ಹುಟ್ಟಿರಲಿಲ್ಲ.

ದರ್ಜಿ ಮಷಿನ್ ತಂದಿಟ್ಟ. ನನ್ನ ಗಂಡ ಮಧ್ಯಾಹ್ನದೊಳಗೆ ಸರಿ ಮಾಡಿಕೊಟ್ಟರು. ದರ್ಜಿ ಮಾತ್ರ ಎಷ್ಟೋ ದಿನ ಮುಖ ಗಂಟಿಕ್ಕಿಕೊಂಡೇ ಇದ್ದ. ಆದರೆ ಊರ ದರ್ಜಿಗಳು ಒಬ್ಬೊಬ್ಬರಾಗಿ ಕೆಟ್ಟ ಮಷಿನ್ ಹೊತ್ತು ತರತೊಡಗಿದರು. ಮಾನ್ವಿಯಲ್ಲೂ ಹಾಗೇ ಆಯಿತು. ವಾಪಸು ಹೋಗುವ ಮಾತು ನಮ್ಮ ಮನೆಯಲ್ಲಿ ನಿಂತೇಹೋಯಿತು.

ನಾನು ಕನ್ನಡ ಕಲಿತದ್ದು ಕುಪ್ಪಸ ಅಳೆಯುತ್ತ. "ಬಗಲಾಗ ಹಿಡೀತದ", "ತೋಳು ಸಡಲ ಬೇಕು", "ಇನ್ನೊಂದೀಟು ಇಳಿಸು" ಎನ್ನುವ ಹೆಂಗಸರೇ ನನ್ನ ಮೇಷ್ಟ್ರುಗಳು. ಅವರಲ್ಲಿ ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯ ಕುರುಬರ ಅವ್ವ ಒಬ್ಬಳು. ಗಂಡಸು ದರ್ಜಿಗೆ ಅಳತೆ ಕೊಡಲು ಒಲ್ಲದವಳು. ನನ್ನ ಹೊಲಿಗೆ ಮೆಚ್ಚಿ, "ನಮ್ಮೂರಿಗಿ ಬಾರವ್ವ, ಹೆಣ್ಮಕ್ಕಳು ಭಾಳ ಮಂದಿ ಅದಾರ" ಎಂದು ಕರೆದಳು.

ಅವಳು ಬಾ ಎಂದ ದಿನವೇ ಖಾಲಾಗೆ ಮಾನ್ವಿ ಸಂತೆ. "ನೀನೇ ಹೋಗಿ ಬಾ" ಎಂದರು. ಗಂಡನ ಜೊತೆ ಗೂಗಲ್ಲಿಗೆ ಹೋದೆ. ಅಲ್ಲಮಪ್ರಭು ಗುಡಿಯ ಹತ್ತಿರದ ನೆರಳಿನಲ್ಲಿ ಮಷಿನ್ ಇಟ್ಟೆವು. ಕೆಳಗೆ ಕೃಷ್ಣೆ. ಊರಿನ ಕೆಲವು ಕುಟುಂಬಗಳು ಮುಂಬೈ ಕಡೆ ಕೆಲಸಕ್ಕೆ ಹೊರಟಿದ್ದವು, ಹೋಗುವ ಮುಂಚೆ ಹೆಂಗಸರಿಗೆ ಕುಪ್ಪಸ ಬೇಕಿತ್ತು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅಳತೆ ಕೊಡುತ್ತಿದ್ದವಳು ಅರ್ಧಕ್ಕೇ ಮುಖ ಮುಚ್ಚಿಕೊಂಡು ಕೂತುಬಿಟ್ಟಳು.

"ಯಾಕವ್ವಾ?" ಎಂದೆ.

"ಅಲ್ಲಿ ನಮ್ಮ ಮಾತು ಯಾರಿಗೂ ಬರಂಗಿಲ್ಲಂತ. ಹೆಂಗ ಇರಬೇಕು ಅಕ್ಕಾ?"

ನಾನು ಅಳತೆಯ ಟೇಪು ಕೆಳಗಿಟ್ಟು ಅವಳ ಪಕ್ಕ ಕೂತೆ. "ನಾನೂ ಹಂಗ ಬಂದಾಕಿನೇ. ಮೊದಲ ಒಬ್ಬಾಕಿ ಹೆಂಗಸಿನ ಹತ್ರ ನೀರು ಕೇಳು. ಆಕಿ ಕೊಡ್ತಾಳ. ಆಮ್ಯಾಲೆ ದಿನಾ ಆಕಿಗಿ ಏನಾರ ಒಂದು ಕೇಳು. ನಗ್ತಾಳ, ನಗಲಿ ಬಿಡು. ನಾನೂ ಭಾಳ ಮಂದೀನ ನಗಿಸೀನಿ."

ಹುಡುಗಿ ನಕ್ಕಳು. ಅಷ್ಟು ಉದ್ದ ಕನ್ನಡ ನಾನು ಒಂದೇ ಉಸಿರಿಗೆ ಆಡಿದ್ದು ಅದೇ ಮೊದಲು. ಕುರುಬರ ಅವ್ವ ನನ್ನ ಗಂಡನ ಕಡೆ ತಿರುಗಿ, "ನಿನ್ನ ಹೇಂತಿ ನಮ್ಮ ಮಂದ್ಯಾಗಿನಾಕಿ ಆಗ್ಯಾಳ ನೋಡಪ್ಪಾ" ಎಂದಳು. ಅವರು ತಲೆ ಎತ್ತದೆ ಮಷಿನಿಗೆ ಎಣ್ಣೆ ಬಿಡುತ್ತಿದ್ದರು, ಆದರೆ ಕಿವಿ ಕೆಂಪಾಗಿತ್ತು.

ಎಂಬತ್ತರ ದಶಕ ಬಂದಾಗ ಮಾನ್ವಿ ಬೆಳೆಯುತ್ತಿತ್ತು. ಕಾಲುವೆ ನೀರು ಬಂದು ಭತ್ತದ ಗದ್ದೆಗಳಾಗಿದ್ದವು. ನಮ್ಮಂತೆಯೇ ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳು ಸುತ್ತಲೂ ಎದ್ದಿದ್ದವು. ಅಲ್ಲಿ ಒಂದು ಅಂಗಡಿ ಹಿಡಿಯೋಣವೆಂದು ಗಂಡ ಹೇಳಿದರು. ನನಗೂ ಸರಿ ಕಂಡಿತು. ಖಾಲಾಗೆ ಹೇಳಿದಾಗ ಮಾತ್ರ ಅವರು, "ಹೋಗ್ರಿ, ಹೋಗ್ರಿ. ಹಕ್ಕಿ ಇರತಾವೇನು ಒಂದೇ ಗಿಡದಾಗ" ಎಂದು ಮುಖ ತಿರುಗಿಸಿದರು. ನಾವು ಸಾಮಾನು ಕಟ್ಟುವಷ್ಟು ದಿನವೂ ಸರಿಯಾಗಿ ಮಾತಾಡಲಿಲ್ಲ. ಹೊರಟ ದಿನ ಬಾಗಿಲಿಗೂ ಬರಲಿಲ್ಲ. ಕಾಲಿನ ಮಷಿನ್ ಮಾತ್ರ ಗಾಡಿಯಲ್ಲಿ ಆಗಲೇ ಕಟ್ಟಿಟ್ಟಾಗಿತ್ತು. ಅದನ್ನು ಅವರೇ ಹಮಾಲನಿಂದ ಏರಿಸಿದ್ದರು.

ಮಾನ್ವಿಯ ಮನೆಯಲ್ಲಿ ನನಗೆ ಮನಸ್ಸೇ ನಿಲ್ಲಲಿಲ್ಲ. ಆರು ತಿಂಗಳ ಗರ್ಭಿಣಿ, ಮನೆಯಲ್ಲಿ ಹಿರಿಯರಿಲ್ಲ. ಒಂದು ಮುಂಜಾನೆ ಹೊರಗೆ ಯಾರೋ ಮನೆಯ ಮಾಲೀಕನ ಜೊತೆ ಜೋರಾಗಿ ಜಗಳವಾಡುತ್ತಿದ್ದರು. ಹೋಗಿ ನೋಡಿದರೆ ಖಾಲಾ! ರಾಯಚೂರಿನ ಮೊದಲ ಬಸ್ಸಿಗೆ ಬಂದಿದ್ದರು. ಕಾಲ ಬಳಿ ಹಾಸಿಗೆ ಸುರುಳಿ, ಕಂಕುಳಲ್ಲಿ ಉಪ್ಪಿನಕಾಯಿಯ ಜಾಡಿ.

"ನಳ ಇಲ್ಲದ ಮನಿ ಬಾಡಿಗಿ ಕೊಟ್ಟೀಯಲ್ಲ, ಬಸುರಿ ಹೆಣ್ಮಗಳು ಬೀದಿ ಬೋರಿಂಗಿನಿಂದ ಕೊಡ ಹೊರಬೇಕೇನು?" ಎಂದು ಮಾಲೀಕನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅವನು, "ಹಾಕಸ್ತೀನಿ ಯವ್ವಾ, ಹಾಕಸ್ತೀನಿ" ಎಂದು ಹಿಂದೆ ಹಿಂದೆ ಸರಿಯುತ್ತಿದ್ದ.

ನನ್ನನ್ನು ಕಂಡು ಖಾಲಾ ಜಾಡಿಯನ್ನು ನನ್ನ ಕೈಗಿಟ್ಟರು. "ಹೆರಿಗಿ ಆಗೂತನ ಇರತೀನಿ. ಆಮ್ಯಾಲೆ ನೋಡೂಣು" ಎಂದು ಒಳಗೆ ನಡೆದರು.