ಉಜ್ಜದ ದಿಬ್ಬಗಳು

ಗಾಲ್ಫ್ ಮೇಡಂ ಮುಖದ ಎಡಭಾಗ ಬಲಭಾಗಕ್ಕಿಂತ ಕಪ್ಪಗಿತ್ತು. ಮೂಗಿನ ನಡುವೆ ಗೆರೆ ಎಳೆದಂತೆ ಬಣ್ಣ ಬದಲಾಗುತ್ತಿತ್ತು. ಮಹಡಿ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ ದಿನ ನಾನು ಬಾಯಿಬಿಟ್ಟು ಏನೂ ಕೇಳಲಿಲ್ಲ, ಆದರೆ ಕಣ್ಣು ಅಲ್ಲೇ ನೆಟ್ಟಿತ್ತು. ಅವರೇ ಹೇಳಿದರು: “ಕಾಯ್ಲೆ ಅಲ್ಲ ಕಣಮ್ಮ. ಸಮುದ್ರನ ಎಡಗಡೀಕೆ ಇಟ್ಕಂಡು ವರ್ಸಗಟ್ಲೆ ನಿಂತಿವ್ನಿ. ಸಂಜೆ ಬಿಸ್ಲು ಆ ಕಡೆಯಿಂದ್ಲೇ ಬತ್ತದೆ.”

ಚನ್ನಪಟ್ಟಣದಲ್ಲಿ ಸಮುದ್ರದ ಮಾತಾಡುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮದು ಮರದ ಆಟಿಕೆ ಮಾಡುವ ಕಾರ್ಖಾನೆ. ಅಪ್ಪನ ನಂತರ ನಾನು ನೋಡಿಕೊಳ್ಳುತ್ತೇನೆ. ಮೇಡಂ ಮಾಗಡಿ ಕಡೆಯ ಗುಡೇಮಾರನಹಳ್ಳಿಯ ರೈತರ ಮನೆ ಮಗಳು. ಅವರ ಕೆಲಸ ಕಡಲ ದಂಡೆಯಲ್ಲಿ ಗಾಲ್ಫ್ ಮೈದಾನ ರೂಪಿಸುವುದು. ಹೊರದೇಶದ ದೊಡ್ಡ ವಿನ್ಯಾಸಕಾರರ ಕೈಕೆಳಗೆ ಅರ್ಧ ಆಯಸ್ಸು ದುಡಿದಿದ್ದರು. ದುಡಿಮೆ ಇವರದು, ಹೆಸರು ಅವರದು. ಐವತ್ತು ದಾಟಿದ ಮೇಲೆ ಮೊದಲ ಸಲ ಇವರದೇ ಎನ್ನುವ ಒಂದು ಮೈದಾನ ಸಿಗುವ ಹಾಗಿತ್ತು, ನಮ್ಮದೇ ಕರಾವಳಿಯಲ್ಲಿ. ಕಟ್ಟಿಸುವವನು ಆ ದಂಡೆಯ ಹೋಟೆಲಿನ ಯಜಮಾನ. ಮಾದರಿ ನೋಡಿ ಆಮೇಲೆ ಕೆಲಸ ಕೊಡುತ್ತೇನೆ ಎಂದಿದ್ದ. ಥರ್ಮೋಕೋಲಿನ ಮಾದರಿ ಎಂದರೆ ಮೇಡಂಗೆ ಮೈಯೆಲ್ಲ ಉರಿ. ಮರದಲ್ಲೇ ಕೆತ್ತಬೇಕೆಂದು ನಮ್ಮಲ್ಲಿಗೆ ಬಂದಿದ್ದರು.

ಗಾಲ್ಫ್ ಎಂದರೆ ನನಗೆ ಹೈವೇ ಬದಿಯ ಬೋರ್ಡಿನಲ್ಲಿ ಕಾಣುವ ಹಸಿರು, ಅಷ್ಟೇ. ನಮ್ಮ ಹಿರಿಯ ಕೆಲಸಗಾರ ಚಾಚಾಗೆ ಅದೂ ಗೊತ್ತಿರಲಿಲ್ಲ. ಅಪ್ಪನ ಕಾಲದಿಂದ ನಮ್ಮಲ್ಲೇ ಇದ್ದವರು ಅವರು. ಸಂಜೆ ಚಹಾ ಹೊತ್ತಿಗೆ ಮೇಡಂ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದರು, ಚಾಚಾ ಕೇಳುತ್ತಿದ್ದರು.

“ಅಷ್ಟಗಲ ಜಾಗ್ದಾಗೆ ಏನೂ ಬೆಳೆಯಕ್ಕಿಲ್ವಾ ಅಮ್ಮ?”

“ಬೆಳೀದೆ ಇರೋದ್ಕೇ ಚಾಚಾ ಅಲ್ಲಿ ಆಟ ಆಡಿದ್ದು.”

ಸ್ಕಾಟ್ಲೆಂಡಿನಲ್ಲಿ ಕಡಲಿಗೂ ಹೊಲಕ್ಕೂ ನಡುವೆ ಬರೀ ಮರಳಿನ ಪಟ್ಟಿ. ಕುರಿ ಮೇಯಲು ಬಿಟ್ಟರೆ ಬಿಟ್ಟರು, ಇಲ್ಲದಿದ್ದರೆ ಇಲ್ಲ. ಗಾಳಿಗೆ ಹೆದರಿ ಕುರಿಗಳು ಮುದುಡಿಕೊಂಡ ತಗ್ಗುಗಳೇ ಆಟದ ಮರಳು ಗುಂಡಿಗಳಾದವಂತೆ. ಅಲ್ಲಿನ ಹಳೆಯ ಮೈದಾನಗಳಿಗೆ ಇಂಥವನೇ ವಿನ್ಯಾಸಕಾರ ಅಂತ ಬೆರಳು ತೋರಿಸಲಾಗದು. ಐರ್ಲೆಂಡಿನ ಇನ್ನೊಂದರಲ್ಲಿ ದೊಡ್ಡ ದಿಬ್ಬ ಅಡ್ಡ ನಿಂತಿದೆ, ಗುರಿ ಕಾಣುವುದೇ ಇಲ್ಲ. ದಿಬ್ಬದ ಮೇಲಿಟ್ಟ ಬಿಳಿ ಕಲ್ಲು ನೋಡಿ ಹೊಡೆಯಬೇಕು. ಆಮೇಲೆ ಆ ಮೈದಾನ ತಿದ್ದಲು ಬಂದವನೂ ಆ ದಿಬ್ಬ ಮುಟ್ಟಲಿಲ್ಲ. ಅಮೆರಿಕದ ಪಶ್ಚಿಮ ತೀರದ ಒಂದರಲ್ಲಿ ಬಂಡೆಯಿಂದ ಹೊಡೆದ ಚೆಂಡು ಕಡಲನ್ನೇ ಹಾರಿ ಆಚೆ ಬೀಳಬೇಕು. ಅದನ್ನು ರೂಪಿಸಿದವನು ಮೊದಲು ಡಾಕ್ಟರಂತೆ. ಯುದ್ಧದಲ್ಲಿ ಸೈನಿಕರು ಅಡಗುವ ಕಂದಕಗಳನ್ನು ಶತ್ರುವಿಗೆ ಕಾಣದ ಹಾಗೆ ಮರೆಮಾಡುವುದು ಕಲಿತು, ಅದೇ ವಿದ್ಯೆಯನ್ನು ಮೈದಾನಕ್ಕೆ ತಂದ.

“ಮಾಡ್ದೋನ ಕೈ ಕಾಣ್ಬಾರ್ದು ಚಾಚಾ. ಗಾಳಿನೇ ಮಾಡ್ತು ಅನ್ನಂಗಿರ್ಬೇಕು,” ಎನ್ನುತ್ತಿದ್ದರು ಮೇಡಂ.

ಚಾಚಾ ತಲೆಯಾಡಿಸುತ್ತಿದ್ದರು. ಆಡಿಸಿದ್ದೆಲ್ಲ ಒಪ್ಪಿಗೆ ಅಂತ ತಿಳಿಯಬಾರದು ಎಂದು ನನಗೆ ಗೊತ್ತಿತ್ತು.

ಮೇಡಂ ಹಾಲೆ ಮರದ ಹಲಗೆಯಲ್ಲಿ ಮೈದಾನ ಬರಬೇಕಿದ್ದ ನಮ್ಮ ಕರಾವಳಿಯ ದಿಬ್ಬಗಳನ್ನು ತಾವೇ ಉಳಿ ಹಿಡಿದು ಕೆತ್ತಿದರು. ಸೀಳು, ಚೂಪು, ಮುರುಕು, ಎಲ್ಲ ಇದ್ದದ್ದು ಇದ್ದ ಹಾಗೆ. ಸಮುದ್ರದ ಜಾಗಕ್ಕೆ ನೀಲಿ ಅರಗು ಹಚ್ಚಿದ ಹಲಗೆ ನಾವು ಮಾಡಿಕೊಟ್ಟೆವು. ಯಜಮಾನ ಬರುವ ಮುಂಚೆ ಕೊನೇ ಸಲ ತೀರ ನೋಡಿ ಬರುತ್ತೇನೆಂದು ಹೋದರು.

ನಮ್ಮಲ್ಲಿ ಒಂದು ಪದ್ಧತಿ. ಯಾವ ಸಾಮಾನೂ ಚಾಚಾ ಹೆಬ್ಬೆರಳು ಆಡಿಸದೆ ಹೊರಗೆ ಹೋಗುವುದಿಲ್ಲ. ಎಲ್ಲಿ ತರಚುತ್ತದೋ ಅಲ್ಲಿ ಉಜ್ಜಬೇಕು. ಮಗು ಬಾಯಿಗೆ ಇಟ್ಟುಕೊಳ್ಳುತ್ತದೆ, ತುಟಿ ಹರಿಯಬಾರದು. ಚಾಚಾ ಮಾದರಿಯ ಮೇಲೂ ಹೆಬ್ಬೆರಳು ಆಡಿಸಿದರು. ಪಾಪ, ಅವರಿಗೆ ಗಾಬರಿಯೇ ಆಗಿರಬೇಕು. ನಾನು ರಾಮನಗರಕ್ಕೆ ಹೋಗಿ ಬರುವುದರೊಳಗೆ ದಿಬ್ಬಗಳನ್ನೆಲ್ಲ ಉಜ್ಜಿ, ಹಸಿರು ಬಣ್ಣ ಕೊಟ್ಟು, ಪಾಲಿಶ್ ಹಾಕಿ ಬಿಸಿಲಿಗಿಟ್ಟಿದ್ದರು. ಫಳಫಳ ಹೊಳೆಯುತ್ತಿತ್ತು. ಮೇಡಂ ಕೆತ್ತಿದ ಸೀಳು, ಚೂಪು ಒಂದೂ ಉಳಿದಿರಲಿಲ್ಲ.

ಮರುದಿನ ಮೇಡಂ ಬೆಳಗಿನ ರೈಲಿಗೆ ಬಂದರು. ಯಜಮಾನ ಬರುವುದೂ ಅವತ್ತೇ. ಮಾದರಿಯ ಮೇಲೆ ಒಮ್ಮೆ ಕೈ ಆಡಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಒರಟಾಗಿತ್ತಮ್ಮ. ಯಾರ ಕೈಗೆ ಓಯ್ತದೋ ಏನೋ ಅಂತ ಒಸಿ ಉಜ್ಬುಟ್ಟೆ,” ಎಂದರು ಚಾಚಾ.

ಮೇಡಂ ಬೈಯಲಿಲ್ಲ. “ಚಂದಾಗೈತೆ ಚಾಚಾ,” ಎಂದರು. ಕಣ್ಣು ತುಂಬಿತ್ತು.

ಯಜಮಾನ ಹೈವೇಯಿಂದ ಕಾರು ತಿರುಗಿಸಿಕೊಂಡು ಬಂದ. ಮಾದರಿ ನೋಡಿದ್ದೇ ತಡ ಮುಖ ಅರಳಿತು. “ಸೂಪರ್ ಮೇಡಂ. ನಂಗೆ ಬೇಕಾಗಿದ್ದು ಇದೇ, ಹೀಗೇ ನೈಸಾಗಿ. ದಿಬ್ಬ ಸಮ ಮಾಡೋಕೆ ಬುಲ್‌ಡೋಜರ್ ನಾನ್ ಕೊಡ್ತೀನಿ. ಇವತ್ತೇ ಸೈನ್ ಮಾಡೋಣ.”

ಹೂಂ ಅಂದರೆ ಮುಗಿದಿತ್ತು. ಜೀವಮಾನದ ಕನಸು ಕೈಯಳತೆಯಲ್ಲಿತ್ತು. ನಾನು ಮನಸ್ಸಿನಲ್ಲೇ ಅವರನ್ನು ತಿವಿಯುತ್ತಿದ್ದೆ, ಅನ್ನಿ, ಹೂಂ ಅನ್ನಿ ಅಂತ. ಮೇಡಂ ಪಕ್ಕದಲ್ಲಿದ್ದ ಆಟಿಕೆ ಮಣಿಗಳ ಬುಟ್ಟಿಯಿಂದ ಅರಗು ಹಚ್ಚಿದ ಒಂದು ಮಣಿ ತೆಗೆದು ದಿಬ್ಬದ ತಲೆಯ ಮೇಲಿಟ್ಟರು. ಅದು ಉರುಳಿ ನೀಲಿ ಹಲಗೆಗೆ ಬಿತ್ತು. ಇನ್ನೊಂದನ್ನು ಬೇರೆ ಕಡೆ ಇಟ್ಟರು. ಅದೂ ಸಮುದ್ರಕ್ಕೇ ಹೋಯಿತು.

“ಚೆಂಡು ಹಿಂಗೆ ಓಯ್ತದೆ ಸಾರ್. ನಾಕು ಮಳೆಗಾಲ ಕಳುದ್ರೆ ಮರಳೂ ಹಿಂಗೇ ಓಯ್ತದೆ. ಆಮೇಲೆ ಸಮುದ್ರ ನಿಮ್ಮ ಹೋಟ್ಲಿಗೇ ಬತ್ತದೆ. ದಿಬ್ಬ ಉಜ್ಜೋದಾದ್ರೆ ನಾನ್ ಮಾಡಾಕಿಲ್ಲ.”

ಯಜಮಾನ ನಕ್ಕ, ಫೋನು ನೋಡಿಕೊಂಡ, ಯೋಚನೆ ಮಾಡಿ ಹೇಳ್ತೀನಿ ಎಂದು ಹೊರಟ. ಕೆಲಸ ಬೇರೆಯವರಿಗೆ ಹೋಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಾಚಾ ಎರಡು ಹೊತ್ತು ಊಟ ಬಿಟ್ಟರು. ಮೇಡಂ ಅವರ ಪಕ್ಕ ಕೂತು, “ನೀನೇನೂ ಕೆಡಿಸ್ಲಿಲ್ಲ ಚಾಚಾ. ಅವ್ನಿಗೆ ಏನ್ ಬೇಕು ಅಂತ ಮುಂಚೇನೇ ತೋರ್ಸುದ್ಯಲ್ಲ,” ಎಂದು ಚಹಾ ಕುಡಿಸಿದರು.

ಆಮೇಲೆ ಅವರಿಗೆ ಮೈದಾನ ಸಿಗಲಿಲ್ಲ. ಅಪಾರ್ಟ್‌ಮೆಂಟುಗಳ ಹುಲ್ಲುಹಾಸಿಗೆ ನಕ್ಷೆ ಬರೆದು ಬದುಕಿದರು. ಬಿಡುವಾದಾಗ ಇನ್ನೊಂದು ಹಾಲೆ ಹಲಗೆಯಲ್ಲಿ ಅದೇ ತೀರವನ್ನು ಮತ್ತೆ ಕೆತ್ತಿದರು. ಯಾರಿಗೆ ಎಂದು ಕೇಳಿದೆ. “ನಂಗೇ,” ಎಂದರು.

ಹೋದ ವರ್ಷ ಮೇಡಂ ತೀರಿಕೊಂಡರು. ಕಿಡ್ನಿ ಕೆಟ್ಟಿತ್ತು, ಹೇಳಿಕೊಳ್ಳದೆ ಇದ್ದರು. ಬೇಡ ಅನ್ನಬೇಕಾದ ಕಡೆ ನಾನು ಇವತ್ತು ಬೇಡ ಅನ್ನುತ್ತೇನೆಂದರೆ, ಅದು ಅವರನ್ನು ನೋಡಿ ಬಂದ ಧೈರ್ಯ. ಆ ಋಣ ನನ್ನ ಮೇಲಿದೆ.

ಕೋಣೆ ಖಾಲಿ ಮಾಡಲು ಅವರ ತಮ್ಮ ಊರಿಂದ ಬಂದರು. ಆ ಎರಡನೇ ಹಲಗೆಯನ್ನು ಕೆಳಗೆ ತಂದು ಚಾಚಾ ಮುಂದಿಟ್ಟರು. “ಅಕ್ಕ ಮಾಡಿದ್ದು. ಅರ್ಧಕ್ಕೇ ಬುಟ್ಟವ್ಳೆ. ಒಸಿ ಉಜ್ಜಿ ಬಣ್ಣ ಹಾಕ್ಕೊಡಿ, ಮನೇಲಿ ಮಡಿಕ್ಕತ್ತೀವಿ.”

ಚಾಚಾ ಹೆಬ್ಬೆರಳು ಆಡಿಸಿದರು. ಒಂದು ಕಡೆ ಸಿಬಿರು ಚುಚ್ಚಿ ಬೆರಳು ಹಿಂದಕ್ಕೆ ತೆಗೆದರು. ಮತ್ತೆ ಅಲ್ಲೇ ಇಟ್ಟರು.

“ಅರ್ಧ ಅಲ್ಲ ಕಣಪ್ಪ, ಪೂರಾ ಆಗೈತೆ,” ಎಂದರು. “ಇದ ಉಜ್ಜಂಗಿಲ್ಲ.”