ಖಂಡೇನವಮಿಯ ದಿನ ನಿಂತ ಮಶೀನು

ಪುಣೆಯ ಹಿಂಜವಾಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕಸುಬೇನೆಂದು ಅಕ್ಕನಿಗೆ ತಿಳಿಸಿ ಹೇಳಲು ಹೋಗಿ ಸೋತಿದ್ದೆ. "ಕಂಪ್ಯೂಟರಿನಾಗ ಏಜೆಂಟರನ್ನ ಮಾಡ್ತೀವಿ" ಅಂದರೆ, "ವಿಮಾ ಏಜೆಂಟರನ್ನೇನು?" ಅಂದಳು. ಭಾವನಿಗೆ ಮಾತ್ರ ಬೇಗ ತಿಳಿಯಿತು. ಆ ಏಜೆಂಟರು ಬಂದು ಕೂರಲಿದ್ದುದು ಚಾಕಣದ ಅವರದೇ ಕಾರ್ಖಾನೆಯಲ್ಲಿ. ಕಾರಿನ ಬಿಡಿಭಾಗ ಮಾಡುವ ಆ ಕಾರ್ಖಾನೆಯಲ್ಲಿ ಭಾವ ಒಂದು ಹಳೆಯ ಪ್ರೆಸ್ ಮಶೀನಿನ ಮೇಲೆ ಗುತ್ತಿಗೆ ಕೆಲಸಕ್ಕಿದ್ದರು.

ಪ್ರತಿ ಮಶೀನಿಗೂ ಒಬ್ಬ ಏಜೆಂಟ, ಅಂದರೆ ಒಂದು ಪುಟ್ಟ ಪ್ರೋಗ್ರಾಮು. ಕೆಲಸ ಬಂದೊಡನೆ "ನಾನು ಇಷ್ಟು ಹೊತ್ತಿಗೆ ಮುಗಿಸಿ ಕೊಡುತ್ತೇನೆ" ಎಂದು ಎಲ್ಲರೂ ಹರಾಜಿನಲ್ಲಿದ್ದಂತೆ ಸವಾಲು ಕೂಗುತ್ತಾರೆ. ಯಾರು ಮಾತು ಉಳಿಸಿಕೊಂಡರು, ಯಾರು ಉಳಿಸಿಕೊಳ್ಳಲಿಲ್ಲ ಎಂಬುದನ್ನು ಉಳಿದವರು ನೆನಪಿಟ್ಟುಕೊಂಡು ನಂಬಿಕೆಯ ಅಂಕ ಕೊಡುತ್ತಾರೆ; ಅಂಕ ಹೆಚ್ಚಿದ್ದವನಿಗೆ ಕೆಲಸ. ಮೇಲೆ ಯಜಮಾನನಿಲ್ಲ. ಇದನ್ನೇ ನಾಳೆ ಬಂದರಿನಲ್ಲಿ, ಆಸ್ಪತ್ರೆಯಲ್ಲಿ, ಕರೆಂಟು ಹಂಚುವಲ್ಲಿ ಕೂರಿಸುತ್ತೇವೆಂದು ನಮ್ಮ ಬಾಸು ಹೋದಲ್ಲೆಲ್ಲ ಹೇಳುತ್ತಿದ್ದ.

ಕಾರ್ಖಾನೆಯವರು ಹಾಕಿದ ಷರತ್ತು ಒಂದೇ. ಆ ಅಂಕಗಳನ್ನು ಯಾವ ಮನುಷ್ಯನೂ ಕೈಯಾರೆ ತಿದ್ದುವಂತಿರಬಾರದು. ಸೂಪರ್‌ವೈಸರುಗಳು ತಮ್ಮವರಿಗೇ ಹಗುರ ಕೆಲಸ ಹಂಚುತ್ತಾರೆಂಬ ದೂರು ಹಳೆಯದು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಭಾವ. "ಇನ್ನ ಸಾಹೇಬರಿಗೆ ಚಾ ಕುಡಸೂದು ತಪ್ಪಿತು ನೋಡಪಾ" ಎಂದು ನನ್ನ ಬೆನ್ನು ತಟ್ಟಿದ್ದರು.

ಆಮೇಲೆ ಖಂಡೇನವಮಿ, ಅಂದರೆ ದಸರೆಯ ಆಯುಧಪೂಜೆ, ಬಂತು. ಉಳಿದವರು ಮಶೀನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ತುಸು ಹೊತ್ತಿಗೆ ಮತ್ತೆ ಚಾಲೂ ಮಾಡುತ್ತಾರೆ. ನಮ್ಮ ಮನೆತನಗಳಲ್ಲಿ ಹಾಗಿಲ್ಲ; ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಕೊಡುವ ತನಕ ಮುಟ್ಟುವುದಿಲ್ಲ. ಪ್ರತಿ ವರ್ಷ ಸೂಪರ್‌ವೈಸರು ಗೊಣಗುತ್ತಲೇ ಭಾವನ ಕೆಲಸವನ್ನು ಪಕ್ಕದ ಮಶೀನಿಗೆ ದಾಟಿಸುತ್ತಿದ್ದ. ಈ ಸಲವೂ ಭಾವ ಅವನಿಗೆ ಹೇಳಿದರು, ಅವನೂ ತಲೆಯಾಡಿಸಿದ. ಆದರೆ ಈಗ ಕೆಲಸ ಹಂಚುವವನು ಅವನಲ್ಲ; ಏಜೆಂಟನಿಗೆ ಯಾರೂ ಹೇಳಲಿಲ್ಲ. ಮಶೀನು ಕೆಟ್ಟರೆ ತಿಳಿಸಲು ಒಂದು ಗುಂಡಿ ಇತ್ತು, ನಿಜ. ಕೆಡದ ಮಶೀನಿಗೆ ಅದನ್ನು ಒತ್ತಬೇಕೆಂದು ಯಾರಿಗೆ ಹೊಳೆಯಬೇಕು? ಹೊಳೆದರೂ ಗುಂಡಿ ಇದ್ದದ್ದು ಮಶೀನಿನ ಮೈಮೇಲೆಯೇ, ಮುಟ್ಟುವಂತಿರಲಿಲ್ಲ.

ಮಶೀನು ಚೆಂಡುಹೂವಿನ ಮಾಲೆ ಹಾಕಿಕೊಂಡು ತಣ್ಣಗೆ ನಿಂತಿತ್ತು. ಅದರ ಏಜೆಂಟ ಮಾತ್ರ ಬೆಳಗಿನಿಂದ ಒಂದಾದ ಮೇಲೊಂದು ಕೆಲಸ ಒಪ್ಪಿಕೊಂಡು, ಒಂದೊಂದರಲ್ಲೂ ಮಾತಿಗೆ ತಪ್ಪುತ್ತ ಹೋದ.

ದಸರೆ ಮುಗಿದ ಮೇಲೆ ಆ ಮಶೀನಿಗೆ ಕೆಲಸ ಬರಲಿಲ್ಲ. ಕೆಲಸ ಮಾಡಿ ತೋರಿಸಿದರೆ ನಂಬಿಕೆ ಬರುತ್ತದೆ. ನಂಬಿಕೆ ಇದ್ದರೆ ತಾನೇ ಕೆಲಸ ಬರುವುದು? ಭಾವ ದಿನಾ ಹೋಗಿ ಮಶೀನು ಒರೆಸಿ, ಎಣ್ಣೆ ಬಿಟ್ಟು, ಕೈಕಟ್ಟಿ ಕೂತು ಬರುತ್ತಿದ್ದರು. ಖಾಲಿ ನಿಂತ ಮಶೀನಿಗೆ ಆಳೇಕೆ ಎಂದು ಗುತ್ತಿಗೆದಾರ ಆಗಲೇ ಕೇಳತೊಡಗಿದ್ದ.

"ನೀನ ಮಾಡಿದ್ದಲ್ಲೇನೋ ತಮ್ಮಾ? ಒಂದ ಮಾತ ಹೇಳಬಾರದ?" ಅಕ್ಕ ಕೇಳಿದಳು.

"ಯಾರಿಗೆ ಹೇಳ್ಲಿ ಅಕ್ಕಾ? ಅಲ್ಲಿ ಯಾರೂ ಇಲ್ಲ."

"ಯಾರೂ ಇಲ್ದ ಕೆಲಸ ಹೆಂಗ ನಡೀತದ?"

ಮರುದಿನವೇ ರಜೆ ಹಾಕಿ ಕಾರ್ಖಾನೆಯ ಮ್ಯಾನೇಜರನ ಮುಂದೆ ನಿಂತೆ. ಕೆಟ್ಟ ಮನುಷ್ಯನಲ್ಲ, ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡು, "ಮಾಝ್ಯಾ ಹಾತಾತ್ ಕಾಹೀಚ್ ನಾಹೀ", ನನ್ನ ಕೈಯಲ್ಲಿ ಏನೂ ಇಲ್ಲ, ಎಂದು ಎರಡೂ ಕೈ ತೋರಿಸಿದ. ಒಬ್ಬನ ಅಂಕ ತಿದ್ದಿದರೆ ನಾಳೆ ಎಲ್ಲರೂ ಸಾಲು ನಿಲ್ಲುತ್ತಾರೆ ಎಂದ. ಅದೂ ಖರೆಯೇ. ನಮ್ಮ ಬಾಸು, "ರೂಲ್ ಅವರದ್ದೇ ಅಲ್ವಾ? ನಾವು ಮುಟ್ಟೋ ಹಾಗಿಲ್ಲ. ಮುಂದಿನ ವರ್ಷನ್‌ನಲ್ಲಿ ನೋಡೋಣ" ಅಂದ. ನಮ್ಮ ಕಸುಬಿನಲ್ಲಿ ಮುಂದಿನ ವರ್ಷನ್ ಎಂದರೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಹಾಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಜನ ಬೈಯುತ್ತಾರೆ. ನನಗೆ ಬೈಯಲು ಒಬ್ಬ ಪೂಜಾರಿಯೂ ಸಿಗಲಿಲ್ಲ. ಚಾಕಣದ ಬಸ್ಸಿನಲ್ಲಿ ಕೂತು, ಸಿಟ್ಟಿಗೋ ದುಃಖಕ್ಕೋ ತಿಳಿಯದೆ ಅತ್ತೆ.

ಯುಗಾದಿಗೆ ಮುಂಚೆ ಮಶೀನು ಗುಜರಿಗೆ ಹೋಯಿತು. ಭಾವ ಕಿಟಕಿಯ ಗ್ರಿಲ್ ಮಾಡುವ ಒಂದು ಶೆಡ್ಡಿಗೆ ಸೇರಿದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮರುವರ್ಷ ಖಂಡೇನವಮಿಗೆ ಅಕ್ಕನ ಮನೆಗೆ ಹೋದೆ. ಮಣೆಯ ಮೇಲೆ ಭಾವನ ಸುತ್ತಿಗೆ, ಇಕ್ಕಳ, ಅಕ್ಕನ ಕತ್ತರಿ. ನನ್ನ ಆಫೀಸಿನ ಲ್ಯಾಪ್‌ಟಾಪನ್ನೂ ಅಕ್ಕ ಅಲ್ಲೇ ಇಡಿಸಿ ಕುಂಕುಮ ಹಚ್ಚಿದಳು. ಮನೆಯ ಪದ್ಧತಿಯಂತೆ ನಾಳೆಯ ತನಕ ಮುಟ್ಟಬಾರದಲ್ಲ ಎಂದು ಅದನ್ನು ಬಂದ್ ಮಾಡಲು ಕೈ ಚಾಚಿದೆ. ಭಾವ ನನ್ನ ಮುಂಗೈ ಹಿಡಿದರು.

"ಬಂದ್ ಮಾಡಬ್ಯಾಡಪಾ. ಚಾಲೂ ಇರ್ಲಿ. ಅವು ಭಾಳ ನೆನಪ ಇಟಕೋತಾವ."

ಅವರ ದನಿಯಲ್ಲಿ ಕೊಂಕಿರಲಿಲ್ಲ, ಬರೀ ಹೆದರಿಕೆಯಿತ್ತು. ಅಕ್ಕ ಆರತಿ ಬೆಳಗಿದಳು. ನಾನು ಕೈ ಹಿಂದೆ ತೆಗೆದುಕೊಂಡೆ.