ಮೇಣದ ಬಿಲ್ಲೆಯ ಮೇಲೊಂದು ಉಸಿರು

ಬೆಳಗಿನ ಆರೂವರೆ. ಹೈದರಾಬಾದಿನ ಕ್ಯಾನ್ಸರ್ ಆಸ್ಪತ್ರೆಯೊಂದರ ನೆಲಮಾಳಿಗೆಯ ಲ್ಯಾಬಿನಲ್ಲಿ ಅಂಬಣ್ಣ ಒಬ್ಬರೇ ಇದ್ದಾರೆ. ಐಸ್ ತಟ್ಟೆಯ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಮೇಣದ ಬಿಲ್ಲೆಗಳು ಸಾಲಾಗಿವೆ. ಒಂದೊಂದರಲ್ಲೂ ಯಾರದೋ ದೇಹದ ಚೂರು. ಅಂಬಣ್ಣ ಒಂದನ್ನು ಯಂತ್ರಕ್ಕೆ ಸಿಕ್ಕಿಸಿ, ಮುಖ ಹತ್ತಿರ ತಂದು ಮೆಲ್ಲನೆ ಬಿಸಿಯುಸಿರು ಬಿಡುತ್ತಾರೆ. ಆಮೇಲೆ ಉಸಿರು ಬಿಗಿಹಿಡಿದು ಹಿಡಿಕೆ ತಿರುಗಿಸುತ್ತಾರೆ. ಅಲಗಿನಿಂದ ಇಳಿದ ಪದರವನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ಗಾಜಿನ ಪಟ್ಟಿಗೆ ಎತ್ತಿಕೊಳ್ಳುತ್ತಾರೆ.

"ಮೊದ್ಲ ಉಸುರು ಬಿಟ್ರ ಮೇಣ ಮೆತ್ತಗಾಗತೈತ್ರಿ, ಸುಕ್ಕು ಬೀಳಂಗಿಲ್ಲ. ಕೊಯ್ಯಾಗ ಬಿಟ್ರ ಮಾತ್ರ ಪದರ ಹಾರಿ ಹೋಗತೈತಿ" ಎನ್ನುತ್ತಾರೆ.

ದಿನಕ್ಕೆ ಅರವತ್ತು ಬಿಲ್ಲೆ, ನೂರಿಪ್ಪತ್ತು ಗಾಜು. ಒಂದು ಪದರದ ದಪ್ಪ ನಾಲ್ಕು ಮೈಕ್ರಾನ್. ತಲೆಗೂದಲು ಅದರ ಹದಿನೈದು ಪಟ್ಟು ದಪ್ಪ. ಲಿಂಗಸುಗೂರು ಕಡೆಯ ಅಂಬಣ್ಣ ಹತ್ತೊಂಬತ್ತನೇ ವಯಸ್ಸಿಗೆ ಪಟಾನ್‌ಚೆರುವಿನ ಔಷಧ ಕಾರ್ಖಾನೆಗೆ ಬಂದವರು. ಆಮೇಲೆ ಈ ಆಸ್ಪತ್ರೆಗೆ ನೆಲ ಒರೆಸುವ ಕೆಲಸಕ್ಕೆ ಸೇರಿ, ನೋಡಿ ನೋಡಿಯೇ ಯಂತ್ರ ಕಲಿತರು. ಈಗ ಐವತ್ತನಾಲ್ಕು, ಯಂತ್ರದ ಮುಂದೆ ಕೂತು ಇಪ್ಪತ್ತೆಂಟು ವರ್ಷ.

ಅವರು ಕೊಯ್ದ ಪದರಗಳಲ್ಲಿ ಕೆಲವು ಮೇಲಿನ ಮಹಡಿಯ ಸಂಶೋಧಕಿ, ಮೈಸೂರಿನ ಡಾ. ಅನ್ವಿತಾ ಅವರಿಗೆ ಹೋಗುತ್ತವೆ. ಪ್ರತಿ ಜೀವಕೋಶದ ಮೈಮೇಲೂ ಸಕ್ಕರೆಯ ಸಣ್ಣ ಸರಪಳಿಗಳಿರುತ್ತವೆ. ಕ್ಯಾನ್ಸರ್ ಕೋಶದಲ್ಲಿ ಇವು ರೂಪಗೆಡುತ್ತವೆ. ದೇಹದ ಕಾವಲಿನ ಕೋಶಗಳ ಕಣ್ಣು ತಪ್ಪಿಸಲು, ರಕ್ತನಾಳದ ಗೋಡೆಗೆ ಅಂಟಿ ಬೇರೆ ಅಂಗದಲ್ಲಿ ನೆಲೆಯೂರಲು ಅವೇ ನೆರವಾಗುತ್ತವೆ. ತಿನ್ನುವ ಸಕ್ಕರೆಗೂ ಇದಕ್ಕೂ ನೇರ ಸಂಬಂಧವಿಲ್ಲ. "ಮಿಯಾಪುರದಾಗ ನಮ್ಮ ಬಾಜೂ ಮನಿಯವ್ರು ಚಾಕ್ಕ ಸಕ್ಕರಿ ಬಿಟ್ಟಾರ್ರಿ, ನನ್ ಮಾತು ಕೇಳಿ" ಎಂದು ಅಂಬಣ್ಣ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಮೂರು ವರ್ಷದ ಹಿಂದೆ ಅವರ ಹೆಂಡತಿ ಸುಮಂಗಲಾ ಅವರಿಗೆ ಬೆನ್ನುನೋವು ಹಿಡಿಯಿತು, ಮೈ ಇಳಿಯಿತು. ವೈದ್ಯರು ರಕ್ತಪರೀಕ್ಷೆ, ಸ್ಕ್ಯಾನ್ ಎರಡನ್ನೂ ಬರೆದುಕೊಟ್ಟರು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಹೆಚ್ಚಾಗುವ ಒಂದು ಸಕ್ಕರೆಯನ್ನು ಆ ರಕ್ತಪರೀಕ್ಷೆ ಅಳೆಯುತ್ತದೆ. ಮೂವತ್ತೇಳರವರೆಗೆ ಸಹಜ. ಸುಮಂಗಲಾ ಅವರದು ಎರಡಕ್ಕಿಂತ ಕಡಿಮೆ. ವರದಿಯನ್ನು ವೈದ್ಯರಿಗೆ ತೋರಿಸುವ ಮೊದಲೇ ಅಂಬಣ್ಣ ತಾವೇ ಓದಿದರು.

"'ಏನೂ ಇಲ್ಲ, ಚಿಂತಿ ಬಿಡು' ಅಂದೆ. ಅಕಿ, 'ನೀವು ಯಾವಾಗ ಡಾಕ್ಟರ್ ಆದ್ರಿ' ಅಂತ ನಕ್ಕಳು. ಲ್ಯಾಬಿನವ ನಾನು, ನನಗ ಗೊತ್ತಿಲ್ಲೇನು ಅಂದೆ."

ಸ್ಕ್ಯಾನ್ ನಾಲ್ಕು ತಿಂಗಳು ಮುಂದೆ ಹೋಯಿತು. ನೂರರಲ್ಲಿ ಐದರಿಂದ ಹತ್ತು ಮಂದಿಯ ದೇಹ ಆ ಸಕ್ಕರೆಯನ್ನು ಹುಟ್ಟಿನಿಂದಲೇ ತಯಾರಿಸುವುದಿಲ್ಲ. ಅಂಥವರಲ್ಲಿ ಗೆಡ್ಡೆ ಎಷ್ಟೇ ಬೆಳೆದರೂ ಅಂಕಿ ಏರುವುದಿಲ್ಲ. ಸುಮಂಗಲಾ ಅಂಥವರಲ್ಲೊಬ್ಬರು ಎಂದು ಅಂಬಣ್ಣನಿಗೆ ತಿಳಿದಾಗ ರೋಗ ಯಕೃತ್ತಿಗೆ ಹಬ್ಬಿತ್ತು. ಸುಮಂಗಲಾ ಐದು ತಿಂಗಳು ಬದುಕಿದರು.

ಅವರ ಗೆಡ್ಡೆಯಿಂದ ಪರೀಕ್ಷೆಗೆ ತೆಗೆದ ಚೂರನ್ನು ಮೊದಲ ಸಲ ಕೊಯ್ದದ್ದೂ ಅಂಬಣ್ಣನೇ. ಬಿಲ್ಲೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಆ ಸಂಖ್ಯೆ ಅವರಿಗೆ ಬಾಯಿಪಾಠ.

ಅಂಕಿ ಏರದ ರೋಗಿಗಳ ಗೆಡ್ಡೆಯಲ್ಲಿ ಬೇರೆ ಯಾವ ಸಕ್ಕರೆ ಇದೆ ಎಂದು ಹುಡುಕಲು ಅನ್ವಿತಾ ಕಳೆದ ತಿಂಗಳು ತಮಗೆ ಬೇಕಾದ ಬಿಲ್ಲೆಗಳ ಪಟ್ಟಿ ಕಳಿಸಿದರು. ಪಟ್ಟಿಯಲ್ಲಿ ಅದೇ ಸಂಖ್ಯೆ ಇತ್ತು. ಬೇಕಾದದ್ದು ಎಂಟು ಪದರ. ಬಿಲ್ಲೆಯಲ್ಲಿ ಉಳಿದಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಅಂಬಣ್ಣ ಅದರೆದುರು 'ತೀರಿದೆ' ಎಂದು ಬರೆದರು. ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಬರೆದ ಮೊದಲ ಸುಳ್ಳು ಅದು.

ಮೂರು ವಾರ ನಿದ್ದೆ ಹತ್ತಲಿಲ್ಲ. ಕೊನೆಗೆ ಅವರೇ ಮೇಲಿನ ಮಹಡಿಗೆ ಹೋಗಿ ನಿಜ ಹೇಳಿದರು.

"ಬಿಡಿ ಅಂಬಣ್ಣನವರೇ, ಅದು ನಿಮ್ಮ ಹತ್ತಿರವೇ ಇರಲಿ" ಎಂದರು ಅನ್ವಿತಾ.

"ಇಲ್ರಿ ಮೇಡಂ. ಸಂಶೋಧನಾಕ್ಕ ತಗೋರಿ ಅಂತ ಅಕೀನ ಸಹಿ ಮಾಡ್ಯಾಳ. ಒಮ್ಮಿ ಅಕಿ ಪರವಾಗಿ ನಾನು ತೀರ್ಮಾನ ಮಾಡಿದ್ದು ಸಾಕು."

ಇವತ್ತು ಐಸ್ ತಟ್ಟೆಯ ಮೇಲಿನ ಕೊನೆಯ ಬಿಲ್ಲೆ ಅದು. ಅಂಬಣ್ಣ ಅದರ ಮೇಲೆ ಉಸಿರು ಬಿಡುತ್ತಾರೆ. ಉಳಿದವುಗಳಿಗಿಂತ ತುಸು ಹೆಚ್ಚೇ ಹೊತ್ತು. ಹಿಡಿಕೆ ತಿರುಗುತ್ತದೆ. ಏಳು, ಎಂಟು. ಈಗ ಬಿಲ್ಲೆಯಲ್ಲಿ ಬರೀ ಮೇಣವಿದೆ. ಅದನ್ನು ಎಸೆಯದೆ ಡ್ರಾಯರಿನಲ್ಲಿ ಅದರ ಸಂಖ್ಯೆಯ ಜಾಗಕ್ಕೇ ಇಡುತ್ತಾರೆ.

ಏನಾಗಬೇಕು ಎಂದು ಕೇಳಿದರೆ ಅವರದು ಒಂದೇ ಕೋರಿಕೆ: ಆ ರಕ್ತಪರೀಕ್ಷೆಯ ಪ್ರತಿ ವರದಿಯ ಕೆಳಗೂ, ಕೆಲವರಲ್ಲಿ ಈ ಅಂಕಿ ಏರುವುದೇ ಇಲ್ಲ ಎಂದು ಒಂದು ಸಾಲು ಅಚ್ಚಾಗಬೇಕು. "ನನ್ನಂಥವ್ರು ಓದೋ ಹಂಗ, ದಪ್ಪ ಅಕ್ಷರದಾಗ್ರಿ."

ಎಂಟು ಗಾಜುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಾರೆ.

"ನೋಡ್ರಿ" ಎನ್ನುತ್ತಾರೆ, "ಒಂದರಾಗೂ ಸುಕ್ಕಿಲ್ಲ."